ಮಾದಕವಸ್ತು ಸಾಗಣೆಯ ವಿರುದ್ಧ ಜಗತ್ತು ಏನು ಮಾಡುತ್ತಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಪೊಟ್ಟಣಗಳು, ಹಿಂದೆ ನಿಂತ ಪೊಲೀಸ್ ಅಧಿಕಾರಿಗಳು, ಪಕ್ಕದಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿಕೊಂಡ ಇಬ್ಬರು. ಈ ಫೋಟೊ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಆ ಪೊಟ್ಟಣ ಎಲ್ಲಿಂದ ಹೊರಟಿತು, ದಾರಿಯಲ್ಲಿ ಎಷ್ಟು ದೇಶಗಳ ಕಾನೂನನ್ನು ದಾಟಿ ಬಂತು, ಆ ದೇಶಗಳು ಪರಸ್ಪರ ಮಾತನಾಡುತ್ತವೆಯೇ ಎಂಬುದು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಎಷ್ಟು ಕಿಲೋ ಹಿಡಿದರು ಎಂಬ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೀದಿಯಲ್ಲಿ ಮಾಲು ತುಟ್ಟಿಯಾಯಿತೇ, ಸಾಯುವವರು ಕಡಿಮೆಯಾದರೇ ಎಂದು ಕೇಳುವ ಜಾತಿ ನನ್ನದು.

ಜಗತ್ತಿಗೆಲ್ಲ ಅನ್ವಯಿಸುವ ಒಂದೇ ಕಾನೂನು ಇದೆಯೇ?

ಇಲ್ಲ. ಇರುವುದು ವಿಶ್ವಸಂಸ್ಥೆಯ ಮೂರು ಒಪ್ಪಂದಗಳು. 1961ರದು ಅಫೀಮು, ಕೋಕಾ (ಕೊಕೇನ್ ತಯಾರಾಗುವ ಗಿಡ), ಗಾಂಜಾ ಮತ್ತು ಅವುಗಳ ಬಳಗಕ್ಕೆ ಸಂಬಂಧಿಸಿದ್ದು. 1971ರದು ಎಲ್‌ಎಸ್‌ಡಿ, ಆಂಫೆಟಮೈನ್, ನಿದ್ದೆ ಮಾತ್ರೆಗಳಂಥ ಮನಸ್ಸಿನ ಮೇಲೆ ಕೆಲಸ ಮಾಡುವ ವಸ್ತುಗಳಿಗೆ. 1988ರದು ನೇರವಾಗಿ ಸಾಗಣೆಯ ಮೇಲೆ ಕಣ್ಣಿಟ್ಟದ್ದು. ಆಸ್ತಿ ಮುಟ್ಟುಗೋಲು, ಆರೋಪಿಗಳ ಹಸ್ತಾಂತರ, ಹಡಗುಗಳ ತಪಾಸಣೆ, ರಾಸಾಯನಿಕಗಳ ಮೇಲೆ ನಿಗಾ, ಎಲ್ಲವೂ ಇದರಲ್ಲೇ ಬರುತ್ತವೆ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಮೂರಕ್ಕೂ ಸಹಿ ಹಾಕಿವೆ.

ಒಪ್ಪಂದ ತಾನಾಗಿ ಯಾರನ್ನೂ ಜೈಲಿಗೆ ಕಳುಹಿಸುವುದಿಲ್ಲ. ‘ನಿಮ್ಮ ನಿಮ್ಮ ಮನೆಯಲ್ಲಿ ಕಾನೂನು ಮಾಡಿಕೊಳ್ಳಿ’ ಎಂದು ಹೇಳುತ್ತದೆ, ಅಷ್ಟೆ. ನಮ್ಮಲ್ಲಿ 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಗೆ (ಮಾದಕವಸ್ತುಗಳನ್ನು ನಿಯಂತ್ರಿಸುವ ನಮ್ಮ ಮುಖ್ಯ ಕಾನೂನು) ಇದೇ ಹಿನ್ನೆಲೆ. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. 1961ರ ಒಪ್ಪಂದಕ್ಕೆ ಎರಡು ಗುರಿಗಳಿದ್ದವು: ದುರ್ಬಳಕೆ ತಡೆಯುವುದು ಒಂದು, ಔಷಧಿಗೆ ಬೇಕಾದ ಮಾಲು ರೋಗಿಗೆ ಸಿಗುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದು ಎಲ್ಲಿ ಕಳೆದುಹೋಯಿತು ಎಂಬುದಕ್ಕೆ ಕೆಳಗೆ ಬರುತ್ತೇನೆ.

ಇದೆಲ್ಲ ಶುರುವಾದದ್ದು ಯಾವಾಗ?

ಅಮೆರಿಕದಿಂದ ಎಂದು ಹಲವರು ಭಾವಿಸಿದ್ದಾರೆ. 1971ರ ಜೂನಿನಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲ ಶತ್ರು ಎಂದು ಕರೆದದ್ದು ಅಷ್ಟು ಪ್ರಸಿದ್ಧವಾಗಿದೆ. ಆದರೆ ಕಥೆಯ ಬೇರು ನಮ್ಮ ಮಣ್ಣಿನಲ್ಲಿದೆ. ಬಿಹಾರ ಮತ್ತು ಗಾಜೀಪುರದ ಸೀಮೆಯಲ್ಲಿ ರೈತರಿಂದ ಅಫೀಮು ಬೆಳೆಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ, ಖಾಸಗಿ ವ್ಯಾಪಾರಿಗಳ ಹಡಗಿನಲ್ಲಿ ಚೀನಾಕ್ಕೆ ಸಾಗಿಸುವ ವ್ಯವಸ್ಥೆಯನ್ನು ಕಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿ. ಮಾಳ್ವದ ಅಫೀಮು ಮುಂಬಯಿಯಿಂದ ಹೋಗುತ್ತಿತ್ತು. 1839ರ ಜೂನಿನಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಸುಮಾರು 20,000 ಪೆಟ್ಟಿಗೆ ಅಫೀಮನ್ನು ಹುಮೆನ್‌ನಲ್ಲಿ ಸುಣ್ಣದ ನೀರಿನಲ್ಲಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಬ್ರಿಟನ್ ಯುದ್ಧಕ್ಕೆ ಬಂತು, ಗೆದ್ದಿತು, ಹಾಂಕಾಂಗ್ ಕಿತ್ತುಕೊಂಡಿತು. ಅಂದರೆ ಇತಿಹಾಸದ ಅತಿ ದೊಡ್ಡ ಜಪ್ತಿಗಳಲ್ಲಿ ಒಂದಕ್ಕೆ ಬಂದ ಉತ್ತರ ಯುದ್ಧನೌಕೆ. ಆಗ ಸಾಗಣೆದಾರ ಸರ್ಕಾರವೇ ಆಗಿತ್ತು.

ಎಪ್ಪತ್ತು ವರ್ಷಗಳ ಬಳಿಕ, 1909ರಲ್ಲಿ, ಅದೇ ಚೀನಾದ ಶಾಂಘೈಯಲ್ಲಿ 13 ದೇಶಗಳು ಅಫೀಮಿನ ಬಗ್ಗೆ ಮಾತನಾಡಲು ಕುಳಿತವು. 1912ರಲ್ಲಿ ಹೇಗ್‌ನಲ್ಲಿ ಮೊದಲ ಒಪ್ಪಂದವಾಯಿತು. ಅದಕ್ಕೆ ಸಹಿ ಹಾಕಲು ಹಲವರು ಮೀನಮೇಷ ಎಣಿಸುತ್ತಿದ್ದಾಗ ಮೊದಲ ಮಹಾಯುದ್ಧ ಮುಗಿದು, ಹೇಗ್ ಒಪ್ಪಂದವನ್ನು 1919ರ ವರ್ಸೇಲ್ಸ್ ಶಾಂತಿ ಒಪ್ಪಂದದೊಳಗೇ ಸೇರಿಸಿಬಿಟ್ಟರು. ಯುದ್ಧ ನಿಲ್ಲಿಸಿದವರೆಲ್ಲ ಅಫೀಮಿಗೂ ಸಹಿ ಹಾಕಿದಂತಾಯಿತು.

ವಿಶ್ವಸಂಸ್ಥೆಗೆ ಡ್ರಗ್ಸ್ ಪೊಲೀಸರಿದ್ದಾರೆಯೇ? ಇಂಟರ್‌ಪೋಲ್ ಬಂದು ಬಂಧಿಸುತ್ತದೆಯೇ?

ಇಲ್ಲ, ಇಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ, ಅಂದರೆ ಯುಎನ್‌ಒಡಿಸಿ, ವಿಯೆನ್ನಾದಲ್ಲಿದೆ. ಸಮೀಕ್ಷೆ, ತರಬೇತಿ, ವಾರ್ಷಿಕ ವರದಿ ಅದರ ಕೆಲಸ. ಯಾವ ವಸ್ತು ಯಾವ ಪಟ್ಟಿಗೆ ಸೇರಬೇಕು ಎಂದು ಮತ ಹಾಕುವುದು 53 ಸದಸ್ಯ ದೇಶಗಳ ಮಾದಕವಸ್ತು ಆಯೋಗ. ಅದಕ್ಕೆ ವೈದ್ಯಕೀಯ ಸಲಹೆ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆ. ಒಪ್ಪಂದವನ್ನು ದೇಶಗಳು ಪಾಲಿಸುತ್ತಿವೆಯೇ ಎಂದು ಲೆಕ್ಕಪುಸ್ತಕ ಹಿಡಿದು ನೋಡುವುದು 13 ಜನರ ಒಂದು ಮಂಡಳಿ. ಈ ಮಂಡಳಿ ಕೋಪಗೊಂಡರೆ ಪತ್ರ ಬರೆಯುತ್ತದೆ. ಇನ್ನೂ ಕೋಪಗೊಂಡರೆ ವರದಿಯಲ್ಲಿ ಹೆಸರು ಹಾಕುತ್ತದೆ.

ಇಂಟರ್‌ಪೋಲ್ 196 ದೇಶಗಳ ಪೊಲೀಸರ ನಡುವಿನ ಅಂಚೆ ಕಚೇರಿ ಇದ್ದಂತೆ. ಅದರ ರೆಡ್ ನೋಟಿಸ್ ಬಂಧನದ ವಾರಂಟ್ ಅಲ್ಲ, ‘ಇವನನ್ನು ಹುಡುಕುತ್ತಿದ್ದೇವೆ, ಸಿಕ್ಕರೆ ಹಿಡಿದಿಡಿ’ ಎಂಬ ಕೋರಿಕೆ. ಹಿಡಿಯಬೇಕೋ ಬೇಡವೋ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಭಾರತದ ಪರವಾಗಿ ಈ ಪತ್ರವ್ಯವಹಾರ ನೋಡಿಕೊಳ್ಳುವುದು ಸಿಬಿಐ.

ದುಬೈಯಲ್ಲಿರುವ ಮಗಳಿಗೆ ಗಸಗಸೆ ಕಟ್ಟಿಕೊಡಬಹುದೇ?

ಬೇಡ. ಖಂಡಿತ ಬೇಡ. ಯುಗಾದಿ ಸಮಯದಲ್ಲಿ ಗಲ್ಫ್ ಕನ್ನಡಿಗರ ತಾಯಂದಿರಿಗೆ ಈ ಮಾತು ಹೇಳುವವರು ಯಾರಾದರೂ ಬೇಕು. ಗಸಗಸೆ ಅಫೀಮು ಗಿಡದ ಬೀಜ. 1961ರ ಒಪ್ಪಂದ ಬೀಜವನ್ನು ನಿಯಂತ್ರಣದಿಂದ ಹೊರಗಿಟ್ಟಿದೆ. ನಮ್ಮ ಅಂಗಡಿಗಳಲ್ಲಿ ಅದು ಸಾಸಿವೆ, ಎಳ್ಳಿನ ಪಕ್ಕದಲ್ಲೇ ಸಿಗುತ್ತದೆ. ಆದರೆ ಒಪ್ಪಂದ ಹೇಳುವುದು ಕನಿಷ್ಠ ಎಷ್ಟು ತಡೆಯಬೇಕು ಎಂದು. ಅದಕ್ಕಿಂತ ಹೆಚ್ಚು ಬಿಗಿ ಮಾಡುವ ಹಕ್ಕು ಪ್ರತಿ ದೇಶಕ್ಕೂ ಇದೆ. ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸೌದಿ ಅರೇಬಿಯಾ ಗಸಗಸೆಯನ್ನೂ ನಿಷೇಧಿಸಿವೆ. ಪಾಯಸಕ್ಕೆಂದು ಕಟ್ಟಿದ ಕಾಲು ಕಿಲೋ, ವಿಮಾನ ನಿಲ್ದಾಣದಲ್ಲಿ ಮಾದಕವಸ್ತುವಾಗುತ್ತದೆ.

ಮಾತ್ರೆಗಳ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ನಿದ್ದೆ ಮಾತ್ರೆಗಳನ್ನು ಒಯ್ಯುವ ಮುನ್ನ ಆ ದೇಶದ ಆರೋಗ್ಯ ಇಲಾಖೆಯ ನಿಯಮ ನೋಡಿ, ವೈದ್ಯರ ಚೀಟಿ ಜೊತೆಗಿಟ್ಟುಕೊಳ್ಳಿ.

ಗಾಂಜಾ ಅಪರಾಧ, ಭಂಗಿ ಅಪರಾಧವಲ್ಲ. ಒಂದೇ ಗಿಡವಲ್ಲವೇ?

ಒಂದೇ ಗಿಡ. 1961ರಲ್ಲಿ ಗಾಂಜಾ ಎಂದರೇನು ಎಂದು ಬರೆಯುವಾಗ ಹೂವು ಅಥವಾ ಕಾಯಿ ಬಿಟ್ಟ ತುದಿಯನ್ನು ಸೇರಿಸಿ, ಬರಿಯ ಎಲೆ ಮತ್ತು ಬೀಜವನ್ನು ಬಿಟ್ಟರು. ಶಿವರಾತ್ರಿ, ಹೋಳಿಯ ಭಂಗಿ ಆ ಸಂದಿಯಲ್ಲಿ ಉಳಿದುಕೊಂಡಿತು. ಎನ್‌ಡಿಪಿಎಸ್ ಕಾಯ್ದೆಯೂ ಅದೇ ವ್ಯಾಖ್ಯೆಯನ್ನು ಎತ್ತಿಕೊಂಡಿದೆ. ಭಂಗಿಯನ್ನು ರಾಜ್ಯಗಳ ಅಬಕಾರಿ ಕಾನೂನು ನೋಡಿಕೊಳ್ಳುತ್ತದೆ. 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದಿತು. ಗೆರೆ ಎಳೆದದ್ದು ರಸಾಯನಶಾಸ್ತ್ರವಲ್ಲ, ರಾಜಿ ಮಾತುಕತೆ.

ಭಾರತದಲ್ಲಿ ಎಷ್ಟು ಸಿಕ್ಕರೆ ಎಷ್ಟು ಶಿಕ್ಷೆ?

ನಮ್ಮ ಕಾಯ್ದೆ ತಕ್ಕಡಿಯ ಮೇಲೆ ನಿಂತಿದೆ. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂದು ಎರಡು ಗಡಿಗಳು. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ, ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ, ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ, ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತುವಿಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಅಲ್ಪ ಪ್ರಮಾಣಕ್ಕೆ ಗರಿಷ್ಠ 1 ವರ್ಷ, ನಡುವಿನದಕ್ಕೆ 10 ವರ್ಷದವರೆಗೆ, ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್‌ನಿಂದಾಗಿ ಜಾಮೀನು ಬಹಳ ಕಷ್ಟ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೇ ಅನ್ನಿಸಬೇಕು.

ಇಷ್ಟು ಕಠಿಣ ಕಾನೂನಿನೊಳಗೆ ಆರೋಪಿಗೆ ರಕ್ಷಣೆಗಳೂ ಇವೆ. ಮೈ ತಪಾಸಣೆಗೆ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ನಡೆಸಲು ಕೇಳುವ ಹಕ್ಕು ನಿಮಗಿದೆ ಎಂದು ತಿಳಿಸಲೇಬೇಕು. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಷ್ಟೋ ಮೊಕದ್ದಮೆಗಳು ಬೀಳುವುದು ಇಂಥ ವಿಧಾನದ ಲೋಪಗಳಿಂದ.

ಸಣ್ಣ ಪೆಡ್ಲರ್‌ಗಳನ್ನು ಹಿಡಿಯುತ್ತಾರೆ, ದೊಡ್ಡವರನ್ನು ಬಿಡುತ್ತಾರೆ. ನಿಜವೇ?

ಬಹುಮಟ್ಟಿಗೆ ನಿಜ, ಮತ್ತು ಕಾರಣ ಯಾವಾಗಲೂ ಲಂಚವೇ ಆಗಿರಬೇಕಿಲ್ಲ. ಸರಪಳಿಯ ಒಂದು ಕೊಂಡಿಗೆ ಮುಂದಿನ ಕೊಂಡಿಯ ಹೆಸರೇ ಗೊತ್ತಿರುವುದಿಲ್ಲ. ಹೀಗಾಗಿ 1988ರ ಒಪ್ಪಂದ ಒಂದು ಉಪಾಯವನ್ನು ಬರೆದಿಟ್ಟಿತು: ಮಾಲು ಕಂಡ ಕೂಡಲೇ ಮುಟ್ಟದೆ, ನಿಗಾದಲ್ಲಿಟ್ಟು ಮುಂದಕ್ಕೆ ಹೋಗಲು ಬಿಡುವುದು, ಕೊನೆಗೆ ಯಾರು ಕೈಚಾಚುತ್ತಾರೋ ಅವರನ್ನು ಹಿಡಿಯುವುದು. ಎರಡು ಮೂರು ದೇಶಗಳ ಅಧಿಕಾರಿಗಳು ಒಬ್ಬರನ್ನೊಬ್ಬರು ನಂಬಿದರೆ ಮಾತ್ರ ಇದು ಸಾಧ್ಯ. ನಮ್ಮ ಕಾಯ್ದೆಯಲ್ಲೂ ಇದಕ್ಕೆ ಅವಕಾಶವಿದೆ.

ತಾಳ್ಮೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮನೆಯ ಹತ್ತಿರದ ಉದಾಹರಣೆ ಇದೆ. ಮಂಗಳೂರಿನಲ್ಲಿ ಒಬ್ಬನ ಬಳಿ ಸಿಕ್ಕ ಕೆಲವೇ ಗ್ರಾಂ ಎಂಡಿಎಂಎಯ ಬೆನ್ನುಹತ್ತಿದ ಅಲ್ಲಿನ ಸಿಸಿಬಿ ಪೊಲೀಸರು ತಿಂಗಳುಗಟ್ಟಲೆ ಮೇಲಕ್ಕೆ ಮೇಲಕ್ಕೆ ಹತ್ತಿ, 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರನ್ನು ಬಂಧಿಸಿ 37 ಕಿಲೋಗೂ ಹೆಚ್ಚು ಎಂಡಿಎಂಎ ವಶಪಡಿಸಿಕೊಂಡರು. ದೆಹಲಿಯಿಂದ ವಿಮಾನದಲ್ಲಿ ಟ್ರಾಲಿ ಚೀಲಗಳಲ್ಲಿ ಬಂದ ಮಾಲು ಅದು. ಅದಕ್ಕೆ ಕಟ್ಟಿದ ಬೆಲೆ 75 ಕೋಟಿ ರೂಪಾಯಿ.

ಆ ಕೋಟಿಗಳ ಲೆಕ್ಕ ಹೇಗೆ?

ಚಿಲ್ಲರೆ ಬೆಲೆಯನ್ನು ಒಟ್ಟು ತೂಕಕ್ಕೆ ಗುಣಿಸಿ. ಕಳ್ಳಸಾಗಣೆದಾರನಿಗೆ ಆದ ನಷ್ಟ ಅಷ್ಟಿರುವುದಿಲ್ಲ. ಬೆಲೆ ಹುಟ್ಟುವುದು ಹೊಲದಲ್ಲಲ್ಲ, ಒಂದೊಂದು ಗಡಿ ದಾಟುವಾಗ. ಬಂದರಿನಲ್ಲಿ ಹಿಡಿದ ಮಾಲಿಗೆ ಬೀದಿಯ ಬೆಲೆ ಕಟ್ಟುವುದು, ಗದ್ದೆಯ ಭತ್ತಕ್ಕೆ ಹೋಟೆಲಿನ ಬಿರಿಯಾನಿ ದರ ಹಚ್ಚಿದಂತೆ.

ಗಿಡವನ್ನೇ ನಾಶ ಮಾಡಿದರೆ ಮುಗಿಯಲಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಹಣ ಸುರಿದು ಎಲ್ಲಕ್ಕಿಂತ ಹೆಚ್ಚು ಪಾಠ ಕಲಿತದ್ದು ಇಲ್ಲೇ. ಕೊಲಂಬಿಯಾವನ್ನು ತೆಗೆದುಕೊಳ್ಳಿ. ಅಲ್ಲಿನ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್ 1993ರ ಡಿಸೆಂಬರ್ 2ರಂದು ಮೆಡೆಯಿನ್ ನಗರದ ಮನೆಯೊಂದರ ಹೆಂಚಿನ ಮೇಲೆ ಗುಂಡಿಗೆ ಬಲಿಯಾದ. ಕೊಕೇನ್ ನಿಲ್ಲಲಿಲ್ಲ, ಕಾಲಿ ನಗರದ ಗುಂಪಿನ ಕೈಗೆ ಹೋಯಿತು. ಅವರನ್ನೂ ಹಿಡಿದರು, ಸಣ್ಣ ಸಣ್ಣ ಗುಂಪುಗಳಾದವು. ತೊಂಬತ್ತರ ದಶಕದಲ್ಲಿ ಪೆರು, ಬೊಲಿವಿಯಾಗಳಲ್ಲಿ ಕೋಕಾ ಬೆಳೆಯನ್ನು ಅದುಮಿದಾಗ ಅದು ಕೊಲಂಬಿಯಾದಲ್ಲಿ ಉಬ್ಬಿತು. ಬಲೂನನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವಂತೆ. 2000ದಲ್ಲಿ ಅಮೆರಿಕದ ನೆರವಿನಿಂದ ‘ಪ್ಲಾನ್ ಕೊಲಂಬಿಯಾ’ ಎಂಬ ಕಾರ್ಯಾಚರಣೆ ಶುರುವಾಯಿತು. ವಿಮಾನದಿಂದ ಗ್ಲೈಫೊಸೇಟ್ ಕಳೆನಾಶಕ ಸಿಂಪಡಿಸಿದರು. ಪಕ್ಕದ ಬಾಳೆ, ಮರಗೆಣಸೂ ಒಣಗಿದವು. ಆರೋಗ್ಯದ ಆತಂಕದಿಂದ 2015ರಲ್ಲಿ ಸಿಂಪಡಣೆ ನಿಲ್ಲಿಸಿದರು. 2023ರಲ್ಲಿ ಕೊಲಂಬಿಯಾದಲ್ಲಿ ಕೋಕಾ ಬೆಳೆದ ಜಮೀನು 2,53,000 ಹೆಕ್ಟೇರ್. ಜಗತ್ತಿನ ಕೊಕೇನ್ ಉತ್ಪಾದನೆ ಅದೇ ವರ್ಷ 3,708 ಟನ್ ಎಂದು ಯುಎನ್‌ಒಡಿಸಿ ಅಂದಾಜಿಸಿತು. ದಾಖಲೆ.

ಅಫ್ಘಾನಿಸ್ತಾನದ ಕಥೆ ಮೇಲ್ನೋಟಕ್ಕೆ ಇದಕ್ಕೆ ವಿರುದ್ಧ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಅಫೀಮು ಬೆಳೆ ನಿಷೇಧಿಸಿತು. 2023ರ ಹೊತ್ತಿಗೆ 2,33,000 ಹೆಕ್ಟೇರ್ ಇದ್ದದ್ದು 10,800ಕ್ಕೆ ಇಳಿಯಿತು. ಅಮೆರಿಕ ಇಪ್ಪತ್ತು ವರ್ಷ ಅಲ್ಲಿದ್ದೂ ಆಗದ ಕೆಲಸ ಒಂದು ಫರ್ಮಾನಿನಿಂದ ಆಯಿತು. ಚಪ್ಪಾಳೆ ತಟ್ಟುವ ಮುನ್ನ ಇನ್ನೊಂದು ಅಂಕಿ ನೋಡಿ: ಬೆಳೆ ಮಾರಿ ರೈತರಿಗೆ ಸಿಗುತ್ತಿದ್ದ ಹಣ 136 ಕೋಟಿ ಡಾಲರ್‌ನಿಂದ 11 ಕೋಟಿಗೆ ಕುಸಿಯಿತು. ಬದಲಿಗೆ ಗೋಧಿ ಬಿತ್ತಿದವರಿಗೆ ಆ ಆದಾಯದ ಹತ್ತಿರವೂ ಬರಲಾಗಲಿಲ್ಲ. ಇತ್ತ ಅದೇ 2023ರಲ್ಲಿ, ಸೇನಾ ದಂಗೆಯ ನಂತರ ಅಂತರ್ಯುದ್ಧದಲ್ಲಿ ಬೇಯುತ್ತಿರುವ ಮ್ಯಾನ್ಮಾರ್ 1,080 ಟನ್ ಅಫೀಮಿನೊಂದಿಗೆ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು. ಅದೇ ಬಲೂನು, ಬೇರೆ ಖಂಡ.

ಗೆದ್ದ ಉದಾಹರಣೆ ಇಲ್ಲವೆಂದಲ್ಲ. ಉತ್ತರ ಥಾಯ್ಲೆಂಡ್‌ನ ಬೆಟ್ಟಗಳಲ್ಲಿ 1969ರಲ್ಲಿ ಅಲ್ಲಿನ ಅರಸರ ಯೋಜನೆ ಶುರುವಾಯಿತು. 1988ರಲ್ಲಿ ದೋಯ್ ತುಂಗ್ ಬೆಟ್ಟದಲ್ಲಿ ಕಾಫಿ, ಮಕಡಾಮಿಯ ಬೆಳೆಯುವ ಯೋಜನೆ ಬಂತು. ಮೊದಲು ರಸ್ತೆ, ಶಾಲೆ, ಆಸ್ಪತ್ರೆ, ಮಾರುಕಟ್ಟೆ. ಅಫೀಮು ಬಿಡಿಸಿದ್ದು ಕೊನೆಗೆ. ಮೂವತ್ತು ವರ್ಷ ಹಿಡಿಯಿತು. ಕೊಡಗು, ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಫಿ ಗಿಡ ಫಲ ಕೊಡುವವರೆಗೆ ಮನೆ ನಡೆಯಬೇಕಲ್ಲ. ಚುನಾವಣೆ ಎದುರಿಸುವ ಸರ್ಕಾರಗಳಿಗೆ ಮೂವತ್ತು ವರ್ಷ ಕಾಯುವ ವ್ಯವಧಾನ ಇರುವುದಿಲ್ಲ. ವಿಮಾನದಿಂದ ವಿಷ ಸಿಂಪಡಿಸಿದರೆ ಫೋಟೊ ಬೇಗ ಸಿಗುತ್ತದೆ.

ಸಮುದ್ರದಲ್ಲಿ ಹೋಗುವ ಹಡಗನ್ನು ಯಾರು ಬೇಕಾದರೂ ತಡೆಯಬಹುದೇ?

ತೀರದಿಂದ 12 ನಾಟಿಕಲ್ ಮೈಲಿಯೊಳಗೆ ಆಯಾ ದೇಶದ ಅಧಿಕಾರ. ಅದರಾಚೆ ಹಡಗಿನ ಮೇಲೆ ಯಾವ ಬಾವುಟ ಹಾರುತ್ತಿದೆಯೋ ಆ ದೇಶದ ಮಾತು ನಡೆಯುತ್ತದೆ. ಅನುಮಾನ ಬಂದರೆ ಆ ದೇಶವನ್ನು ಕೇಳಿ, ಒಪ್ಪಿಗೆ ಪಡೆದು ಹಡಗು ಹತ್ತಬಹುದು ಎಂದು 1988ರ ಒಪ್ಪಂದದ 17ನೇ ವಿಧಿ ಹೇಳುತ್ತದೆ. ಬಾವುಟವೇ ಇಲ್ಲದ ದೋಣಿಗೆ ಇಷ್ಟು ಉಪಚಾರವಿಲ್ಲ. ಅರಬ್ಬೀ ಸಮುದ್ರದಲ್ಲಿ ಬಹ್ರೇನ್‌ನಿಂದ ನಡೆಯುವ ಬಹುರಾಷ್ಟ್ರ ನೌಕಾಪಡೆ ಇದೇ ಕೆಲಸ ಮಾಡುತ್ತದೆ. ಅದರ ಜೊತೆಗಿದ್ದ ನಮ್ಮ ಐಎನ್‌ಎಸ್ ತರ್ಕಶ್ 2025ರ ಮಾರ್ಚ್‌ನಲ್ಲಿ ಒಂದು ದೋಣಿಯಿಂದ ಸುಮಾರು 2,500 ಕಿಲೋ ಚರಸ್ ಮತ್ತು ಹೆರಾಯಿನ್ ಹಿಡಿಯಿತು.

ಅದೇ ವರ್ಷದ ಸೆಪ್ಟೆಂಬರಿನಿಂದ ಅಮೆರಿಕದ ಸೇನೆ ಬೇರೆ ದಾರಿ ಹಿಡಿಯಿತು. ಕೆರಿಬಿಯನ್ ಸಮುದ್ರದಲ್ಲಿ, ಆಮೇಲೆ ಪೂರ್ವ ಪೆಸಿಫಿಕ್‌ನಲ್ಲಿ, ಮಾದಕವಸ್ತು ಸಾಗಿಸುತ್ತಿವೆ ಎಂದು ತಾನು ಆರೋಪಿಸಿದ ದೋಣಿಗಳನ್ನು ತಡೆದು ಹತ್ತುವ ಬದಲು ಬಾಂಬ್ ಹಾಕಿ ಉಡಾಯಿಸತೊಡಗಿತು. ಇದು ಮಾನವ ಹಕ್ಕುಗಳ ಕಾನೂನಿನ ಉಲ್ಲಂಘನೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಹೇಳಿದರು. ಹತ್ತಿ ನೋಡಿದರೆ ಸಾಕ್ಷ್ಯ ಸಿಗುತ್ತದೆ, ಬಾಯಿಬಿಡುವ ಜನ ಸಿಗುತ್ತಾರೆ. ಮುಳುಗಿದ ದೋಣಿಯಿಂದ ಸರಪಳಿಯ ಮೇಲಿನ ಕೊಂಡಿ ಯಾವತ್ತೂ ತಿಳಿಯುವುದಿಲ್ಲ.

ಬಂದರುಗಳಲ್ಲಿ ಎಲ್ಲ ಕಂಟೇನರ್ ತೆರೆದು ನೋಡಬಾರದೇಕೆ?

ವ್ಯಾಪಾರ ನಿಂತುಹೋಗುತ್ತದೆ. ತೆರೆದು ನೋಡುವುದು ನೂರಕ್ಕೆ ಕೆಲವನ್ನು ಮಾತ್ರ. ಉಳಿದದ್ದಕ್ಕೆ ಕಾಗದಪತ್ರ, ಗುಪ್ತ ಮಾಹಿತಿ, ಎಕ್ಸ್-ರೇ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾದಲ್ಲಿ ಟಾಲ್ಕ್ ಕಲ್ಲು ಎಂದು ಬರೆದಿದ್ದ ಎರಡು ಕಂಟೇನರ್‌ಗಳಿಂದ ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ) ಸುಮಾರು 3,000 ಕಿಲೋ ಹೆರಾಯಿನ್ ಹೊರತೆಗೆಯಿತು. ಅಫ್ಘಾನಿಸ್ತಾನದಿಂದ ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದ ಮಾಲು, ಆಮದು ಮಾಡಿಕೊಂಡದ್ದು ವಿಜಯವಾಡದ ವಿಳಾಸದ ಸಂಸ್ಥೆ.

ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2023ರಲ್ಲಿ 116 ಟನ್ ಕೊಕೇನ್ ಸಿಕ್ಕಿತು. ಹೆಚ್ಚಿನದು ಲ್ಯಾಟಿನ್ ಅಮೆರಿಕದ ಹಣ್ಣುಗಳ ಜೊತೆ ಬರುವಂಥದ್ದು. ಇಡೀ ಐರೋಪ್ಯ ಒಕ್ಕೂಟದಲ್ಲಿ ಆ ವರ್ಷ 419 ಟನ್. ಇಷ್ಟು ಹಿಡಿದ ಮೇಲೆ ಬೀದಿಯಲ್ಲಿ ಕೊಕೇನ್ ತುಟ್ಟಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಅದರ ಶುದ್ಧತೆ ಹಿಂದಿನ ದಶಕಕ್ಕಿಂತ ಹೆಚ್ಚಾಗಿಯೇ ಇತ್ತು. ಮೊದಲೇ ಹೇಳಿದ ನನ್ನ ಪಕ್ಷಪಾತಕ್ಕೆ ಮುಖ್ಯ ಆಧಾರ ಇದೇ. ಆ ಕಡೆ, ಮಾಲು ಹಡಗು ಹತ್ತುವ ಈಕ್ವೆಡಾರ್ ದೇಶ ಕೆಲವೇ ವರ್ಷಗಳಲ್ಲಿ ಎಷ್ಟು ಕುಸಿಯಿತೆಂದರೆ, 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ‘ಆಂತರಿಕ ಸಶಸ್ತ್ರ ಸಂಘರ್ಷ’ ಘೋಷಿಸಬೇಕಾಯಿತು. ಅದು ಕೋಕಾ ಬೆಳೆಯುವ ದೇಶವೂ ಅಲ್ಲ. ಬೆಳೆಯುವ ಎರಡು ದೇಶಗಳ ನಡುವೆ ಇದ್ದದ್ದೇ ಅದರ ತಪ್ಪು.

ಫೆಂಟನಿಲ್ ಬಗ್ಗೆ ಇಷ್ಟು ಗಲಾಟೆ ಏಕೆ?

ಫೆಂಟನಿಲ್ ರಾಸಾಯನಿಕಗಳಿಂದ ತಯಾರಾಗುವ ಒಂದು ನೋವುನಿವಾರಕ. ಅದಕ್ಕೆ ಹೊಲ ಬೇಡ, ಮಳೆ ಬೇಡ, ರೈತ ಬೇಡ. ಒಂದು ಕೋಣೆ, ಕೆಲವು ರಾಸಾಯನಿಕ ಸಾಕು. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ, ಹಾಗಾಗಿ ಸಾಗಿಸಬೇಕಾದ ಗಾತ್ರವೂ ಚಿಕ್ಕದು. ಅಮೆರಿಕದಲ್ಲಿ 2021ರಿಂದ ಮೂರು ವರ್ಷ ಸತತವಾಗಿ, ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತರು. 2024ರಲ್ಲಿ ಅದು ಸುಮಾರು 80,000ಕ್ಕೆ ಇಳಿಯಿತು.

ಇಲ್ಲಿ ಹೋರಾಟ ಮೂಲ ರಾಸಾಯನಿಕಗಳ ಮೇಲೆ. ಹೆರಾಯಿನ್‌ಗೆ ಅಸಿಟಿಕ್ ಅನ್‌ಹೈಡ್ರೈಡ್, ಕೊಕೇನ್‌ಗೆ ಪೊಟ್ಯಾಸಿಯಂ ಪರ್ಮಾಂಗನೇಟ್, ಮೆಥಾಂಫೆಟಮೈನ್ ಎಂಬ ಉತ್ತೇಜಕಕ್ಕೆ ಎಫೆಡ್ರಿನ್. ಇವೆಲ್ಲಕ್ಕೂ ಸಾಚಾ ಉಪಯೋಗಗಳಿವೆ, ಹಾಗಾಗಿ ನಿಷೇಧಿಸುವಂತಿಲ್ಲ. ರಫ್ತು ಮಾಡುವ ದೇಶ ಆಮದು ಮಾಡುವ ದೇಶಕ್ಕೆ ಮುಂಚಿತವಾಗಿ ಸೂಚನೆ ಕೊಡುವ ವ್ಯವಸ್ಥೆಯೊಂದು ಅಂತರಜಾಲದಲ್ಲಿದೆ. ಚೀನಾ 2019ರಲ್ಲಿ ಫೆಂಟನಿಲ್ ಕುಟುಂಬವನ್ನೇ ಇಡಿಯಾಗಿ ನಿಯಂತ್ರಿಸಿತು. ಆಗ ವ್ಯಾಪಾರಿಗಳು ಪಟ್ಟಿಯಲ್ಲಿಲ್ಲದ ರಾಸಾಯನಿಕಗಳನ್ನು ಮೆಕ್ಸಿಕೊಗೆ ಕಳುಹಿಸತೊಡಗಿದರು. ಒಂದು ಅಣುವನ್ನು ಪಟ್ಟಿಗೆ ಸೇರಿಸುವಷ್ಟರಲ್ಲಿ ಅದರ ತಮ್ಮ ಮಾರುಕಟ್ಟೆಯಲ್ಲಿರುತ್ತಾನೆ.

ಭಾರತದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ನಾವು ಮಾಲು ಬಂದು ಬೀಳುವ ದೇಶ ಮಾತ್ರ ಅಲ್ಲ. ಪಶ್ಚಿಮ ಆಫ್ರಿಕಾದ ಊರುಗಳನ್ನು ಹಾಳು ಮಾಡಿದ ಟ್ರಮಡಾಲ್ ಮಾತ್ರೆಗಳ ದೊಡ್ಡ ಪಾಲು ಇಲ್ಲಿನ ಕಾರ್ಖಾನೆಗಳದ್ದು. 2018ರಲ್ಲಿ ಅದನ್ನು ಎನ್‌ಡಿಪಿಎಸ್ ಅಡಿ ತಂದರು. ಟಪೆಂಟಡಾಲ್ ಎಂಬ ಇನ್ನೊಂದು ನೋವುನಿವಾರಕದ ಮಿಶ್ರಣದ ಮಾತ್ರೆಗಳು ಅದರ ಜಾಗಕ್ಕೆ ಬಂದವು. 2025ರಲ್ಲಿ ಅವುಗಳ ರಫ್ತಿಗೂ ಕಡಿವಾಣ ಬಿತ್ತು.

ಹಣದ ಜಾಡು ಹಿಡಿದರೆ?

ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ನೋವು ಕೊಡುವ ಪೆಟ್ಟು. ಮಾಲು ಹೋದರೆ ಮತ್ತೆ ತಯಾರಿಸುತ್ತಾರೆ. ಮನೆ, ಜಮೀನು, ಬ್ಯಾಂಕ್ ಖಾತೆ ಹೋದರೆ ಅಳುತ್ತಾರೆ. 1989ರಲ್ಲಿ ಜಿ-7 ದೇಶಗಳು ಎಫ್‌ಎಟಿಎಫ್ ಎಂಬ ಕಾವಲು ಸಂಸ್ಥೆಯನ್ನು ಹುಟ್ಟುಹಾಕಿದ್ದೇ ಮಾದಕವಸ್ತುಗಳ ಹಣವನ್ನು ತಡೆಯಲು. ಭಯೋತ್ಪಾದನೆಯ ಹಣ ಆಮೇಲೆ ಸೇರಿಕೊಂಡದ್ದು. ಭಾರತ 2010ರಲ್ಲಿ ಸದಸ್ಯನಾಯಿತು. ಬ್ಯಾಂಕಿನಲ್ಲಿ ನಿಮ್ಮನ್ನು ಪದೇ ಪದೇ ಕೆವೈಸಿ ಕೇಳಿ ಬೇಸರ ತರಿಸುತ್ತಾರಲ್ಲ, ಅದರ ದೂರದ ಮೂಲ ಇಲ್ಲಿದೆ.

ಸಿಂಗಪುರದಂತೆ ಗಲ್ಲಿಗೇರಿಸಿದರೆ ಎಲ್ಲ ಸರಿಹೋಗುವುದಿಲ್ಲವೇ?

ಪ್ರತಿ ದೊಡ್ಡ ಪ್ರಕರಣದ ನಂತರವೂ ಬರುವ ಪ್ರಶ್ನೆ. ಸಿಂಗಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಅಥವಾ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆ. ಅಲ್ಲಿ ಬಳಕೆ ಕಡಿಮೆ ಇರುವುದು ನಿಜ. ಆದರೆ ಅದೊಂದು ಪುಟ್ಟ, ಶ್ರೀಮಂತ, ಭ್ರಷ್ಟಾಚಾರ ಕಡಿಮೆಯಿರುವ ನಗರ. ಇಷ್ಟಾಗಿಯೂ ನೇಣಿಗೇರಿದವರಲ್ಲಿ ಅನೇಕರು ಬಡ ಸಾಗಣೆದಾರರು. ನೆರೆಯ ಮಲೇಷ್ಯಾ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ಕೈಬಿಟ್ಟಿತು. ದೊಡ್ಡ ಪ್ರಮಾಣದ ಪ್ರಕರಣದಲ್ಲಿ ಎರಡನೇ ಬಾರಿ ತಪ್ಪಿತಸ್ಥರಾದವರಿಗೆ ನಮ್ಮಲ್ಲೂ ಕಡ್ಡಾಯ ಗಲ್ಲು ಇತ್ತು. 2011ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದಿತು, 2014ರ ತಿದ್ದುಪಡಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು.

ನ್ಯಾಯಾಲಯದ ಗೊಡವೆಯೇ ಇಲ್ಲದೆ ಕೊಂದರೆ ಏನಾಗುತ್ತದೆ ಎಂದು ಫಿಲಿಪ್ಪೀನ್ಸ್ ತೋರಿಸಿತು. 2016ರಲ್ಲಿ ಅಧ್ಯಕ್ಷರಾದ ಡುಟರ್ಟೆ ಅವರ ಕಾರ್ಯಾಚರಣೆಯಲ್ಲಿ ಸರ್ಕಾರಿ ಲೆಕ್ಕದಂತೆಯೇ 6,000ಕ್ಕೂ ಹೆಚ್ಚು ಜನ ಸತ್ತರು. ಮಾನವ ಹಕ್ಕು ಸಂಘಟನೆಗಳ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಸತ್ತವರಲ್ಲಿ ಬಹುಪಾಲು ಕೊಳೆಗೇರಿಗಳ ಬಡವರು. 2025ರ ಮಾರ್ಚ್ 11ರಂದು ಡುಟರ್ಟೆ ಅವರನ್ನು ಮನಿಲಾದಲ್ಲಿ ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು.

ಪೋರ್ಚುಗಲ್‌ನಲ್ಲಿ ಡ್ರಗ್ಸ್ ಕಾನೂನುಬದ್ಧವಂತೆ, ಹೌದೇ?

ಅಲ್ಲ. ಮಾರಿದರೆ, ಸಾಗಿಸಿದರೆ ಅಲ್ಲೂ ಜೈಲು. 2001ರ ಜುಲೈನಿಂದ ಬದಲಾದದ್ದು ಇಷ್ಟು: ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟು ಇಟ್ಟುಕೊಂಡವರನ್ನು ಕೋರ್ಟಿನ ಬದಲು ಒಂದು ಆಯೋಗದ ಮುಂದೆ ಕಳುಹಿಸುತ್ತಾರೆ. ಅದು ಚಿಕಿತ್ಸೆಗೆ ದಾರಿ ತೋರಿಸಬಹುದು, ದಂಡ ಹಾಕಬಹುದು. ಜೊತೆಗೆ ಚಿಕಿತ್ಸಾ ಕೇಂದ್ರಗಳಿಗೆ ಹಣ ಸುರಿದರು. ಸೂಜಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಸೋಂಕು ಬಹಳ ಇಳಿಯಿತು. ಅಮೆರಿಕದ ಆರೆಗಾನ್ ರಾಜ್ಯ 2021ರಲ್ಲಿ ಶಿಕ್ಷೆ ತೆಗೆಯುವ ಭಾಗವನ್ನು ಬೇಗ ಜಾರಿ ಮಾಡಿ, ಚಿಕಿತ್ಸೆಯ ಭಾಗವನ್ನು ನಿಧಾನಕ್ಕೆ ಕಟ್ಟಿತು. ಬೀದಿಯಲ್ಲಿ ಬಹಿರಂಗ ಸೇವನೆ ಕಂಡು ಜನ ರೋಸಿಹೋದರು. 2024ರ ಸೆಪ್ಟೆಂಬರಿನಲ್ಲಿ ಹಳೆಯ ಶಿಕ್ಷೆ ಮರಳಿತು. ಒಂದು ಕಾಲಿನಲ್ಲಿ ನಡೆಯಲು ಹೋದರೆ ಬೀಳುವುದೇ.

ಗಾಂಜಾಕ್ಕೆ ಅನುಮತಿ ಕೊಟ್ಟ ದೇಶಗಳು ಒಪ್ಪಂದ ಮುರಿದಂತಲ್ಲವೇ?

ಮುರಿದಂತೆಯೇ. 2013ರಲ್ಲಿ ಉರುಗ್ವೆ, 2018ರಲ್ಲಿ ಕೆನಡಾ ಮನರಂಜನೆಗೂ ಅನುಮತಿ ಕೊಟ್ಟವು. ಮೇಲೆ ಹೇಳಿದ 13 ಜನರ ಮಂಡಳಿ ಆಕ್ಷೇಪಿಸಿತು, ಅವು ಕೇಳಿಸಿಕೊಂಡವು, ಅಲ್ಲಿಗೆ ಮುಗಿಯಿತು. ಬೊಲಿವಿಯಾ ಮಾತ್ರ ಮರ್ಯಾದೆಯಿಂದ ನಡೆದುಕೊಂಡಿತು: ಕೋಕಾ ಎಲೆ ಜಗಿಯುವುದು ತಮ್ಮ ಬೆಟ್ಟದ ಜನರ ಹಳೆಯ ಪದ್ಧತಿ ಎಂದು ವಾದಿಸಿ 1961ರ ಒಪ್ಪಂದದಿಂದ ಹೊರಬಂದು, 2013ರಲ್ಲಿ ಆ ಒಂದು ವಿನಾಯಿತಿಯೊಂದಿಗೆ ಮತ್ತೆ ಒಳಗೆ ಬಂತು. 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ಮತದಾನದಲ್ಲಿ 27 ದೇಶಗಳು ಪರವಾಗಿ, 25 ವಿರುದ್ಧವಾಗಿ ನಿಂತವು. ಭಾರತ ಪರವಾಗಿತ್ತು. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಒಂದು ದೇಶದ ಸಡಿಲಿಕೆ ಇನ್ನೊಂದರ ತಲೆನೋವಾಗುವುದಕ್ಕೆ ಥಾಯ್ಲೆಂಡ್ ಸಾಕ್ಷಿ. 2022ರ ಜೂನಿನಲ್ಲಿ ಅದು ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು, ಅಂಗಡಿಗಳು ಅಣಬೆಗಳಂತೆ ಎದ್ದವು. ಆಮೇಲೆ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬರುವ ವಿಮಾನಗಳಲ್ಲಿ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ‘ಹೈಡ್ರೋ ಗಾಂಜಾ’ ಸಿಕ್ಕಿಬೀಳುವುದು ಕಸ್ಟಮ್ಸ್ ಅಧಿಕಾರಿಗಳ ನಿತ್ಯದ ಕೆಲಸವಾಯಿತು. 2025ರಲ್ಲಿ ಥಾಯ್ಲೆಂಡ್ ವೈದ್ಯರ ಚೀಟಿ ಕಡ್ಡಾಯ ಮಾಡಿ ಮತ್ತೆ ಬಿಗಿಗೊಳಿಸಿತು.

ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದು ಏಕೆ ಕಷ್ಟ?

ಮೊದಲ ಉತ್ತರದಲ್ಲಿ ಬಾಕಿ ಉಳಿಸಿದ ಮಾತು ಇದು. ಕಾನೂನುಬದ್ಧವಾಗಿ ಅಫೀಮಿನ ಅಂಟನ್ನು ರಫ್ತಿಗೆ ಬೆಳೆಯುವ ಏಕೈಕ ದೇಶ ಭಾರತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಬೆಳೆದು ಸರ್ಕಾರಕ್ಕೇ ಕೊಡುತ್ತಾರೆ. ಗಾಜೀಪುರ ಮತ್ತು ನೀಮಚ್‌ನಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹೀಗಿದ್ದೂ 1985ರ ಕಾಯ್ದೆಯ ನಂತರ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ಪಾತಾಳಕ್ಕೆ ಇಳಿಯಿತು. ಹಲವು ಪರವಾನಗಿಗಳು, ತಪ್ಪಿದರೆ ಜೈಲಿನ ಭಯ. ಔಷಧ ಅಂಗಡಿಯವರು ‘ಇದರ ಸಹವಾಸವೇ ಬೇಡ’ ಎಂದು ಕೈಬಿಟ್ಟರು. 2014ರ ತಿದ್ದುಪಡಿಯಿಂದ ನಿಯಮ ಸರಳವಾಗಿದೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಭಯ ಮಾತ್ರ ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ. ಸಣ್ಣ ಊರುಗಳಲ್ಲಿ ನೋವಿನಿಂದ ಸಾಯುವವರು ಯಾವ ದೇಶದ ಜಪ್ತಿ ಅಂಕಿಯಲ್ಲೂ ಸೇರುವುದಿಲ್ಲ.

ವಿದೇಶಕ್ಕೆ ಹೊರಟಾಗ ಪರಿಚಿತರು ಪೊಟ್ಟಣ ಕೊಟ್ಟರೆ?

ಎದುರಿಗೇ ಬಿಚ್ಚಿ ನೋಡಿ, ಇಲ್ಲವೇ ಬೇಡ ಎನ್ನಿ. 2019ರಲ್ಲಿ ಮುಂಬೈಯ ದಂಪತಿಯೊಂದು ಸಂಬಂಧಿಕರು ಕೊಟ್ಟ ಪೊಟ್ಟಣದೊಂದಿಗೆ ಕತಾರ್‌ನಲ್ಲಿ ಇಳಿದು, ಅದರಲ್ಲಿ ಚರಸ್ ಸಿಕ್ಕಿ 10 ವರ್ಷದ ಶಿಕ್ಷೆಗೆ ಗುರಿಯಾಯಿತು. ಹೆಂಡತಿ ಗರ್ಭಿಣಿ, ಮಗು ಹುಟ್ಟಿದ್ದೂ ಸೆರೆಯಲ್ಲೇ. ನಮ್ಮ ಮಾದಕವಸ್ತು ನಿಯಂತ್ರಣ ಬ್ಯೂರೊ (ಎನ್‌ಸಿಬಿ) ಇಲ್ಲಿ ತನಿಖೆ ಮಾಡಿ ಅವರು ಮೋಸಹೋದವರೆಂಬ ಸಾಕ್ಷ್ಯ ಕಲೆಹಾಕಿ, ರಾಜತಾಂತ್ರಿಕ ದಾರಿಯಲ್ಲಿ ಕತಾರ್‌ಗೆ ಮುಟ್ಟಿಸಿತು. 2021ರಲ್ಲಿ ಬಿಡುಗಡೆಯಾಯಿತು. ದೇಶಗಳ ನಡುವಿನ ಸಹಕಾರ ಹಿಡಿಯಲು ಮಾತ್ರವಲ್ಲ, ಬಿಡಿಸಲೂ ಬೇಕಾಗುತ್ತದೆ. ಎಲ್ಲರ ಅದೃಷ್ಟ ಹಾಗಿರುವುದಿಲ್ಲ.

ಮನೆಯ ಹುಡುಗನೇ ವ್ಯಸನಿಯಾಗಿದ್ದರೆ? ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಯೇ?

ಈ ಭಯದಿಂದಲೇ ಎಷ್ಟೋ ತಂದೆತಾಯಂದಿರು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು ಎಂಬುದೊಂದೇ ಷರತ್ತು. ಮಧ್ಯದಲ್ಲಿ ಬಿಟ್ಟರೆ ರಕ್ಷಣೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಸಲಹೆಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾರುವವರ ಬಗ್ಗೆ ಗುಟ್ಟಾಗಿ ಮಾಹಿತಿ ಕೊಡಬೇಕಿದ್ದರೆ ಅದು ಬೇರೆ ಸಂಖ್ಯೆ, 1933.